ಬೆಚ್ಚಗಿನ ಗೋಡೆ

ಡಿಸೆಂಬರ್ ಹದಿನಾಲ್ಕು
ಸಂಜೆ ಆರು ಗಂಟೆ

ಗುಂಡಾ,

ಮುಂದಕ್ಕೆ ಓದುವ ಮೊದಲು ಹಿಂದಿನ ಕೋಣೆಗೆ ಹೋಗು. ನಿನ್ನ ಹೆಂಡತಿಯನ್ನೂ ಮಕ್ಕಳನ್ನೂ ಎಬ್ಬಿಸು. ಮಕ್ಕಳು ಏಳದಿದ್ದರೆ ಎತ್ತಿಕೊಂಡು ಬಾ. ಎಲ್ಲರನ್ನೂ ಬೀದಿ ಕಡೆಯ ಕೋಣೆಯಲ್ಲಿ ಮಲಗಿಸಿ, ಕಿಟಕಿ ಬಾಗಿಲು ಎಲ್ಲ ಹಾರುಹೊಡೆದು ಇಡು. ಅಕ್ಕನಿಗೆ ತಲೆ ಕೆಟ್ಟಿದೆ ಎಂದುಕೊಂಡರೂ ಸರಿಯೇ. ಕಾಗದ ಎಲ್ಲಿಗೂ ಓಡಿಹೋಗುವುದಿಲ್ಲ.

ಆಯಿತೇ? ಇನ್ನು ಕೂತು ಓದು.

ಇವತ್ತು ಬೆಳಿಗ್ಗೆಯಿಂದ ಶಾಲೆಯ ಕೋಟುಗಳಿಗೆ ಗುಂಡಿ ಹಾಕುತ್ತಿದ್ದೆ. ನಾಲ್ಕು ಗಂಟೆ ಹೊತ್ತಿಗೆ ಪೋಸ್ಟಿನವನು ನಿನ್ನ ಕಾಗದ ತಂದು ಹೊಲಿಗೆ ಮೆಷಿನ್ನಿನ ಮೇಲಿಟ್ಟ. ಅಪ್ಪ ಹೋದ ಮೇಲೆ ನಿನ್ನಿಂದ ಬಂದ ಮೊದಲ ಕಾಗದ. ನಿನ್ನ ಅಕ್ಷರ ಕಂಡು ಹಿಗ್ಗಿ, ಕೈಯಲ್ಲಿದ್ದ ಕೋಟು ಕೆಳಗಿಡುವುದನ್ನೂ ಮರೆತು ಓದತೊಡಗಿದೆ. ಎರಡನೆಯ ಪುಟಕ್ಕೆ ಬಂದವಳು ಕೋಟು ಬಿಸುಟು ಎದ್ದು ನಿಂತೆ. ಅಂಗಡಿಯ ಯಜಮಾನರು ನನ್ನ ಮುಖ ನೋಡಿ, ‘ಏನಮ್ಮಾ, ಯಾರಿಗಾದ್ರೂ ಏನಾದ್ರೂ ಆಯ್ತಾ?’ ಎಂದು ಕೇಳಿದರು. ಇನ್ನೂ ಆಗಿಲ್ಲ ಎಂದೆ.

ನಿಮ್ಮ ಎದುರಿನ ಔಷಧಿ ಅಂಗಡಿಗೆ ಯಜಮಾನರ ಫೋನಿನಿಂದ ಮತ್ತೆ ಮತ್ತೆ ಮಾಡಿ ನೋಡಿದೆ. ಯಾರೂ ಎತ್ತಲಿಲ್ಲ. ನಿಮ್ಮ ಕಡೆಗೆ ಹೋಗುವ ಕೊನೆಯ ಬಸ್ಸು ಹೊರಟುಹೋಗಿತ್ತು. ಅಲ್ಲಿಂದ ಹಿಟ್ಟಿನ ಗಿರಣಿಗೆ ಓಡಿ ಬಂದೆ. ನಿನ್ನ ಬೇಕರಿಗೆ ಹಿಟ್ಟು ತರುವ ಲಾರಿ ಇಲ್ಲಿಂದಲೇ ಅಲ್ಲವೇ ಹೊರಡುವುದು. ಇವತ್ತು ಡ್ರೈವರಿನ ಪಕ್ಕದಲ್ಲಿ ಅವನ ಬಾಣಂತಿ ತಂಗಿ, ಕೂಸು, ತಾಯಿ ಕೂತಿದ್ದಾರೆ. ಅವರನ್ನು ಇಳಿಸಿ ಎಂದು ಯಾವ ಬಾಯಿಂದ ಹೇಳಲಿ? ‘ಮೂಟೆ ಏರ್ಸೋಷ್ಟರಲ್ಲಿ ಬರ್ದು ಕೊಡಿ ಅಕ್ಕಾ, ಒಂಬತ್ತೂವರೆಗೆಲ್ಲ ಅವರ ಕೈಗೇ ಕೊಡ್ತೀನಿ’ ಎಂದ. ಬಾಯಲ್ಲೂ ಹೇಳು ಎಂದಿದ್ದೇನೆ. ನೀನು ಮೊದಲ ಸಾಲು ಓದಿ ಒಳಗೆ ಹೋಗುವ ತನಕ ಅಲ್ಲಿಂದ ಕದಲಬೇಡ ಎಂದೂ ಹೇಳಿದ್ದೇನೆ. ಆದರೂ ಬರೀ ಮಾತಿಗೆ ನೀನು ಜಗ್ಗುವವನಲ್ಲ. ಅಪ್ಪನ ಭಟ್ಟಿಗೆ ಮತ್ತೆ ಬೆಂಕಿ ಹಾಕುವುದು ನನಗೆ ಇಷ್ಟವಿಲ್ಲ, ಅದಕ್ಕೇ ಏನೋ ಹೊಸ ತಕರಾರು ತೆಗೆದಿದ್ದಾಳೆ ಎಂದುಕೊಳ್ಳುತ್ತೀಯ. ಆದ್ದರಿಂದ ಎಲ್ಲವನ್ನೂ ಬರೆಯಲೇಬೇಕು. ತೂಕದ ಯಂತ್ರದ ಪಕ್ಕ ಕೂತು, ನನ್ನ ದಿನಚರಿಯ ಹಾಳೆ ಹರಿದು ಬರೆಯುತ್ತಿದ್ದೇನೆ. ಹಾಳೆಯ ಮೇಲೆಲ್ಲ ಹಿಟ್ಟು.

ನೀನು ಎಷ್ಟು ಪ್ರೀತಿಯಿಂದ ಬರೆದಿದ್ದೀಯ! ಅಪ್ಪ ಬೀಗ ಹಾಕಿಟ್ಟಿದ್ದ ಕೋಣೆಯನ್ನು ತೆಗೆದೆ, ಗೋಡೆಗೆ ಅಡ್ಡವಾಗಿದ್ದ ದೊಡ್ಡ ಬೀರು ಸರಿಸಿದೆ, ಅದರ ಹಿಂದಿನ ಗಾರೆ ಪುಡಿಪುಡಿಯಾಗಿ ಉದುರಿದ್ದರಿಂದ ಗುಡಿಸಿ ಸುಣ್ಣ ಬಳಿದೆ, ಮುದುಕ ಇಷ್ಟು ವರ್ಷ ಗಾಜಿಲ್ಲದೆ ಬಿಟ್ಟಿದ್ದ ಕಿಟಕಿಗೆ ಹೊಸ ಗಾಜು ಹಾಕಿಸಿ ಸಂದುಗಳಿಗೆ ಬಟ್ಟೆ ತುರುಕಿದೆ ಎಂದು. ನಿನಗೆ ಸಿಗದೆ ಹೋದ ಬೆಚ್ಚಗಿನ ಗೋಡೆ ನಿನ್ನ ಮಕ್ಕಳಿಗೆ ಸಿಕ್ಕಿತು ಎಂದು. ‘ಬಾ ಅಕ್ಕಾ, ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು ಕೂತ್ಕೊಳ್ಳೋಣ, ಜಗಳ ಸಾಕು’ ಎಂದು. ಇದೇ ಮಾತು ಬೇರೆ ಯಾವ ಕಾಗದದಲ್ಲಿ ಬಂದಿದ್ದರೂ ನಾನು ಕುಣಿದುಬಿಡುತ್ತಿದ್ದೆ.

ಆದರೆ ಅದರ ನಡುನಡುವೆ ಇನ್ನೂ ಏನೇನೋ ಬರೆದಿದ್ದೀಯ. ಮಕ್ಕಳು ಮಲಗಿದರೆ ಸತ್ತ ಹಾಗೆ ನಿದ್ದೆ, ಅಲುಗಿಸಿದರೂ ಏಳುವುದಿಲ್ಲ ಎಂದು. ದೊಡ್ಡವಳಿಗೆ ಬೆಳಗಾದರೆ ತಲೆನೋವು, ಹೊಟ್ಟೆ ತೊಳಸುತ್ತದೆ, ಶಾಲೆಗೆ ಹೋಗುವಷ್ಟರಲ್ಲಿ ಸರಿಹೋಗುತ್ತದೆ, ಕನ್ನಡಕ ಬೇಕೇನೋ ಎಂದು. ಬೆಕ್ಕು ಮಾತ್ರ ಆ ಕೋಣೆಗೆ ಕಾಲಿಡುತ್ತಿಲ್ಲ, ಚಳಿಯಲ್ಲಿ ಮೆಟ್ಟಿಲ ಮೇಲೇ ಮುದುರಿಕೊಳ್ಳುತ್ತದೆ, ಅದಕ್ಕೆ ಸೊಕ್ಕು ಎಂದು. ಹದಿನೈದಕ್ಕೆ ದೊಡ್ಡ ಆರ್ಡರ್ ಇರುವುದರಿಂದ ಹದಿನಾಲ್ಕರ ರಾತ್ರಿ, ಅಂದರೆ ಇವತ್ತು, ಮೊದಲ ಸಲ ಕೆಂಡ ಉಳಿಸಿ, ಹೊಗೆ ಕೊಳವೆಯನ್ನೂ ಭಟ್ಟಿಯ ಬಾಯನ್ನೂ ಮುಚ್ಚಿಡುತ್ತೇನೆ ಎಂದು.

ಅದನ್ನು ಮಾಡಬೇಡ, ಗುಂಡಾ. ಆಗಲೇ ಮುಚ್ಚಿದ್ದರೆ ತೆಗೆ.

ಆ ಗೋಡೆ ನಿನಗಿಂತ ನನಗೆ ಹೆಚ್ಚು ನೆನಪಿದೆ. ಆಚೆ ಭಟ್ಟಿ, ಈಚೆ ನಮ್ಮ ಹಾಸಿಗೆ. ಚಳಿಗಾಲದ ಬೆಳಿಗ್ಗೆ ಅಮ್ಮ ನಮ್ಮ ಒದ್ದೆ ಕಾಲುಚೀಲಗಳನ್ನು ಅಂಗೈಯಿಂದ ಆ ಗೋಡೆಗೆ ಒತ್ತಿ ಹಿಡಿಯುತ್ತಿದ್ದಳು. ಸುಂಯ್ ಎಂದು ಸಣ್ಣಗೆ ಆವಿ ಏಳುತ್ತಿತ್ತು. ನೀನು ಸ್ನಾನ ಮುಗಿಸಿದವನೇ ಬರಿಮೈಯಲ್ಲಿ ಓಡಿಬಂದು ಗೋಡೆಗೆ ಬೆನ್ನು ಅಂಟಿಸಿ ನಿಲ್ಲುತ್ತಿದ್ದೆ. ಬೆನ್ನು, ಕುಂಡೆ ಎಲ್ಲ ಸುಣ್ಣ. ‘ನೋಡ್ರೀ, ನಿಮ್ಮ ಬನ್ನಿಗೆ ಹಿಟ್ಟು ಜಾಸ್ತಿ ಆಯ್ತು’ ಎಂದು ಅಮ್ಮ ಅಪ್ಪನನ್ನು ಕೂಗುತ್ತಿದ್ದಳು. ಅಪ್ಪ ಆಚೆಯಿಂದ, ‘ಇನ್ನೊಂದ್ಸಲ ಬೇಯ್ಸು, ಸರಿಹೋಗುತ್ತೆ’ ಎನ್ನುತ್ತಿದ್ದ. ಗುಂಡ ಎಂಬ ಹೆಸರು ನಿನಗೆ ಅಂಟಿಕೊಂಡದ್ದು ಆಗಲೇ. ರಾತ್ರಿ ಗೋಡೆ ಪಕ್ಕದ ಜಾಗಕ್ಕೆ ನಮ್ಮಿಬ್ಬರ ಜಗಳ. ಅಮ್ಮ ಇಬ್ಬರನ್ನೂ ಗೋಡೆಗೆ ತಳ್ಳಿ ತಾನು ಹೊರಗಿನ ಅಂಚಿನಲ್ಲಿ ಮಲಗುತ್ತಿದ್ದಳು.

ಅದು ಮುಗಿದಾಗ ನಿನಗೆ ನಾಲ್ಕು ವರ್ಷ. ಆಮೇಲೆ ನಿನಗೆ ನೆನಪಿರುವುದೆಲ್ಲ ಚಳಿ. ಬೀದಿ ಕಡೆಯ ಕೋಣೆ, ಹಾಸಿಗೆಯ ಅಡಿಗೆ ಹಳೆಯ ಪೇಪರು, ಒಂದೇ ರಗ್ಗಿನೊಳಗೆ ಮೂವರು. ಅಪ್ಪ ಇಟ್ಟಿಗೆಗಳನ್ನು ಭಟ್ಟಿಯಲ್ಲಿ ಕಾಯಿಸಿ, ಹಿಟ್ಟಿನ ಚೀಲದ ಬಟ್ಟೆಯಲ್ಲಿ ಸುತ್ತಿ ನಮ್ಮ ಕಾಲ ಬುಡಕ್ಕೆ ಇಡುತ್ತಿದ್ದ. ‘ಚೆನ್ನಾಗಿ ಬೆಂದಿದೆ, ಬೆಣ್ಣೆ ಹಚ್ಚಲಾ?’ ಎಂದು ಕೇಳುತ್ತಿದ್ದ. ನೀನು ನಗುತ್ತಿರಲಿಲ್ಲ. ‘ಭಟ್ಟಿ ಇರೋ ಮನೇಲಿ ನಾವು ಯಾಕೆ ನಡುಗ್ಬೇಕು? ಆ ಕೋಣೆ ತೆಗಿ’ ಎಂದು ಹಟ ಹಿಡಿಯುತ್ತಿದ್ದೆ. ಅಪ್ಪ ಎದ್ದು ಹೋಗಿ ಇನ್ನೊಂದು ಇಟ್ಟಿಗೆ ಕಾಯಿಸಿ ತರುತ್ತಿದ್ದ. ಅಪ್ಪ ಹೋದ ದಿನವೂ ನೀನು ಅದನ್ನೇ ಹೇಳಿದೆ. ಮಕ್ಕಳಿಗಿಂತ ಹಿಟ್ಟಿನ ಮೂಟೆಯ ಮೇಲೇ ಅವರಿಗೆ ಪ್ರೀತಿ, ಬೆಚ್ಚಗಿನ ಕೋಣೆಗೆ ಬೀಗ ಜಡಿದು ನಮ್ಮನ್ನು ಥಂಡಿಯಲ್ಲಿ ಬೆಳೆಸಿದರು ಎಂದು. ನಾನು ಎದ್ದು ಬಂದದ್ದು ಅದಕ್ಕೆ. ಬಾಯಿ ಬಿಡುವಂತಿರಲಿಲ್ಲ; ಅಪ್ಪನಿಗೆ ಮಾತು ಕೊಟ್ಟಿದ್ದೆ. ಇವತ್ತು ಆ ಮಾತು ಮುರಿಯುತ್ತಿದ್ದೇನೆ.

ಅಮ್ಮ ಜ್ವರದಿಂದ ಸಾಯಲಿಲ್ಲ.

ಅವತ್ತೂ ಮರುದಿನಕ್ಕೆ ದೊಡ್ಡ ಆರ್ಡರ್ ಇತ್ತು. ನಾನು ಮುಂದುಗಡೆ ಅಂಗಡಿಯಲ್ಲಿ ಕಾಗದದ ಚೀಲ ಅಂಟಿಸುತ್ತಾ ಮೂಟೆಗಳ ಮೇಲೇ ನಿದ್ದೆಹೋಗಿದ್ದೆ. ಅಮ್ಮನಿಗೆ ಮೈಯಲ್ಲಿ ಸ್ವಲ್ಪ ನಡುಕವಿತ್ತು. ‘ಇವತ್ತು ನೀನೇ ಗೋಡೆ ಕಡೆ ಮಲ್ಕೋ, ಕಿಟಕಿ ಭದ್ರ ಹಾಕ್ಕೋ’ ಎಂದು ಅಪ್ಪ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಆಮೇಲೆ ಅಪ್ಪ ಕೆಂಡ ಆರದಂತೆ ಭಟ್ಟಿಯ ಬಾಯಿ ಮುಚ್ಚಿದ, ಹೊಗೆ ಕೊಳವೆ ಮುಚ್ಚಿದ. ಬೆಳಿಗ್ಗೆ ಅಮ್ಮನಿಗೆಂದು ಚಹಾ ತೆಗೆದುಕೊಂಡು ಹೋದ, ನಾನು ಅವನ ಹಿಂದೆ. ಬಾಗಿಲು ತೆಗೆಯಲು ಭುಜ ಕೊಟ್ಟು ನೂಕಬೇಕಾಯಿತು. ಅಮ್ಮನ ಕೆನ್ನೆ ಕೆಂಪಗಿತ್ತು. ಗುಣವಾಗಿದ್ದಾಳೆ ಎಂದೇ ನನಗನ್ನಿಸಿತು. ಅಪ್ಪನ ಕೈಯಿಂದ ಲೋಟ ಬಿದ್ದಾಗಲೇ ಗೊತ್ತಾದದ್ದು. ಕೆಂಡ ಉಸಿರುಗಟ್ಟಿದರೆ ಒಂದು ವಿಷಗಾಳಿ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ ಎಂದು ಡಾಕ್ಟರು ಹೇಳಿದರು. ನೀನೂ ಅದೇ ಕೋಣೆಯಲ್ಲಿದ್ದೆ. ಅದನ್ನು ಕೊನೆಗೆ ಬರೆಯುತ್ತೇನೆ.

ಕೆಲವು ದಿನ ಕಳೆದು ಅಪ್ಪ ಹಗಲಲ್ಲೇ ಭಟ್ಟಿ ಹೊತ್ತಿಸಿ, ಆ ಕೋಣೆಯನ್ನು ಕತ್ತಲು ಮಾಡಿ, ಮೇಣದ ಬತ್ತಿ ಹಿಡಿದು ಗೋಡೆಯುದ್ದಕ್ಕೂ ಇಷ್ಟಿಷ್ಟೇ ಸರಿದ. ನಾನು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ. ಜ್ವಾಲೆ ನೆಟ್ಟಗಿತ್ತು, ನೆಟ್ಟಗೇ ಇತ್ತು. ಅಮ್ಮ ಆ ರಾತ್ರಿ ತಲೆಯಿಟ್ಟಿದ್ದ ಕಡೆ ಬಂದಾಗ, ಗಾಳಿಯೇ ಇಲ್ಲದ ಆ ಕೋಣೆಯಲ್ಲಿ, ಯಾರೋ ಊದಿದ ಹಾಗೆ ವಾಲಿತು. ಕೂದಲೆಳೆಯಷ್ಟು ಬಿರುಕು. ಅಪ್ಪ ಉಗುರಿನಿಂದ ಅದರ ಉದ್ದಕ್ಕೂ ಗುರುತು ಎಳೆದ. ಆಮೇಲೆ ಗಾರೆ ಮೆತ್ತಿದ. ಕಾವಿಗೆ ಗಾರೆ ಮತ್ತೆ ಬಿರಿಯುತ್ತದೆಂದು ಬೀರು ಅಡ್ಡ ಇಟ್ಟ. ಅದೂ ಸಾಲದೆಂದು ಕಿಟಕಿಯ ಗಾಜುಗಳನ್ನು ತಾನೇ ಕಿತ್ತ, ಬಾಗಿಲಿಗೆ ಬೀಗ ಹಾಕಿದ. ‘ಅವನಿಗೆ ಹೇಳ್ಬೇಡ ಮಗಳೇ. ಅಮ್ಮನ್ನ ನಾನೇ ಅಲ್ಲಿ ಮಲಗ್ಸಿದ್ದು ಅಂತ ಅವನಿಗೆ ತಿಳಿಯೋದು ಬೇಡ. ಜಿಪುಣ ಅಂದ್ಕೊಂಡ್ರೆ ಅಂದ್ಕೊಳ್ಲಿ’ ಎಂದ.

ನೀನು ಸರಿಮಾಡಿಸಿದ ಒಂದೊಂದೂ ಅಪ್ಪ ಬೇಕೆಂದೇ ಕೆಡಿಸಿಟ್ಟದ್ದು. ಅದು ನಿನಗೆ ಗೊತ್ತಿರಲಿಲ್ಲ. ನಿನ್ನ ತಪ್ಪಲ್ಲ.

ಕೊನೆಯ ಮೂಟೆ ಏರಿತು. ಡ್ರೈವರ್ ಕೈ ಮಾಡುತ್ತಿದ್ದಾನೆ.

ನಿನ್ನ ಅಕ್ಕ

ಕೊನೆಗೆ ಬರೆಯುತ್ತೇನೆ ಎಂದದ್ದು: ಅಮ್ಮನ ಬಗ್ಗೆ ನಿನಗಿರುವುದು ಒಂದೇ ನೆನಪು ಎಂದು ಹೇಳುತ್ತಿರುತ್ತೀಯಲ್ಲ, ಬೆಚ್ಚಗಿನ ಹಾಸಿಗೆಯಿಂದ ನಿನ್ನನ್ನು ತಣ್ಣನೆಯ ನೆಲಕ್ಕೆ ನೂಕಿದಳು, ಅತ್ತರೂ ಮತ್ತೆ ಮತ್ತೆ ನೂಕಿದಳು ಎಂದು. ಅವತ್ತು ಬೆಳಿಗ್ಗೆ ಬಾಗಿಲು ಬಿಗಿಯಾಗಿದ್ದದ್ದು ನಿನ್ನಿಂದ. ನೀನು ಅದಕ್ಕೆ ಅಡ್ಡವಾಗಿ ಬಿದ್ದಿದ್ದೆ, ಮೈತುಂಬ ಅಮ್ಮನ ಶಾಲು, ಮೂಗು ಬಾಗಿಲಡಿಯ ಸಂದಿಗೆ. ಅಮ್ಮ ನಿನ್ನ ಹಿಂದೆ, ಒಂದು ಕೆನ್ನೆ ನೆಲಕ್ಕಿಟ್ಟು ನಿದ್ದೆಹೋದವಳ ಹಾಗೆ ಬೋರಲಾಗಿದ್ದಳು. ಅವಳ ಅಂಗೈ ಇನ್ನೂ ನಿನ್ನ ಬೆನ್ನ ಮೇಲಿತ್ತು.

ನಾಳೆ ಮೊದಲ ಬಸ್ಸು ಎಂಟು ಗಂಟೆಗೆ ನಿಮ್ಮ ಬೀದಿಗೆ ಬರುತ್ತದೆ.