ಮೇಲಿನಿಂದ ಹಾಕುವ ನೀರು

ಗಂಗಾವತಿ, ೧೯೩೮

ಅವ್ವಾ,

ನೀನೇ ಇಲ್ಲದ ಮನೆಗೆ ಈ ಕಾಗದ ಯಾಕೆ ಕಳಿಸಲಿ? ಹೇಳದೆ ಇರಲೂ ಆಗುತ್ತಿಲ್ಲ. ಆರು ವರ್ಷ ಊರಾಚೆಯ ಕೇರಿಗಳಲ್ಲಿ ಯೇಸುವಿನ ಸುವಾರ್ತೆ ಸಾರಿದೆ. ಕುಡಿಯುವ ನೀರನ್ನು ಮಾತ್ರ ಮನೆಯಿಂದಲೇ ಒಯ್ಯುತ್ತಿದ್ದೆ.

ಇವತ್ತು ನವಲಿಯಲ್ಲಿ ನನ್ನ ತಂಬಿಗೆ ಉರುಳಿ ಬರಿದಾಯಿತು. ಬಿಸಿಲಿಗೆ ಗಂಟಲು ಒಣಗಿತ್ತು. ಕೇರಿಯ ಮುದುಕಿ ದುರುಗವ್ವ ಕೊಡ ತಂದು, "ಬೊಗಸಿ ಹಿಡೀರಿ ಯಪ್ಪಾ, ಮ್ಯಾಲಿಂದ ಹಾಕ್ತೀನಿ. ನಿಮಗ ಮೈಲಿಗಿ ಆಗಬಾರದು," ಎಂದಳು.

ನಾಚಿಕೆಯಾಯಿತು. "ನಿನ್ನ ಚರಿಗ್ಯಾಗ ಕೊಡಬೇ, ಯವ್ವಾ," ಎಂದೆ. ಕಣ್ಣು ಮುಚ್ಚಿ ಪೂರ್ತಿ ಕುಡಿದೆ.

ನಾನು ದೀಕ್ಷಾಸ್ನಾನ ಪಡೆದು ಬಂದ ದಿನ ನೀನೂ ತಂಬಿಗೆ ಹಿಡಿದು ಹೊಸ್ತಿಲಲ್ಲಿ ನಿಂತು, ಬೊಗಸೆ ಹಿಡಿ ಎಂದಿದ್ದೆ. ನಾನು ಸಿಟ್ಟಿನಿಂದ ತಿರುಗಿ ನಡೆದುಬಿಟ್ಟೆ. ಕತ್ತಲಾಗುವವರೆಗೂ ನೀನು ಆ ತಂಬಿಗೆ ಕೆಳಗಿಡಲಿಲ್ಲವೆಂದು ಆಮೇಲೆ ಅಕ್ಕ ಹೇಳಿದಳು.