ಔಟಾಗಿ ಬಂದವನ ಕುಣಿತ

ಆಗಸ್ಟ್ 9, ಶನಿವಾರ. ಟಲ್ಸಾ.

ನಾಳೆ ಮಧ್ಯಾಹ್ನದೊಳಗೆ ಕೆಂಪು ಟೋಪಿಯ ತಂಡದವರಿಗೆ ಉತ್ತರ ಹೇಳಬೇಕು. ಮಗ ಗ್ರೇಡಿಗೆ ಹದಿನಾಲ್ಕು ವರ್ಷ, ಅವನು ಯಾವ ಬೇಸ್‌ಬಾಲ್ ತಂಡ ಸೇರಬೇಕೆಂಬ ಒಂದೇ ಮಾತು ನಮ್ಮ ತಲೆ ತಿನ್ನುತ್ತಿದೆ. ಕೆಂಪು ಟೋಪಿಯವರು ರಾಜ್ಯಕ್ಕೇ ಮೊದಲು ಬಂದವರು, ಇವನನ್ನು ಆರಿಸಿಯೂ ಆಯಿತು. ನನ್ನ ಗಂಡ ಡ್ವೈಟ್ ಆಗಲೇ ಅವರ ಸ್ಟಿಕ್ಕರನ್ನು ಕಾರಿಗೆ ಅಂಟಿಸಿಬಿಟ್ಟಿದ್ದಾನೆ.

ಇವತ್ತು ಸುಮ್ಮನೆ ಇನ್ನೊಂದು ತಂಡವಾದ ಹಸಿರು ಟೋಪಿಯವರ ಆಯ್ಕೆ ಆಟಕ್ಕೂ ಹೋದೆವು. ಗ್ರೇಡಿ ಮೂರು ಸಲವೂ ಗಾಳಿಗೆ ಬ್ಯಾಟು ಬೀಸಿ ಔಟಾದ.

“ಮುಗೀತು ಬಿಡು, ಹಾಟ್‌ಡಾಗ್ ತಿಂದು ಹೊರಡೋಣ” ಅಂದ ಡ್ವೈಟ್.

ಅಷ್ಟರಲ್ಲಿ ಮುಂದೆ ಆಡಬೇಕಿದ್ದ ಹುಡುಗ ಗ್ರೇಡಿಯನ್ನು ತಡೆದು ಏನೋ ಕೇಳಿದ. ಇವನು ಅವನ ಕಿವಿಯಲ್ಲಿ ಏನೋ ಉಸುರಿದ. ಆ ಹುಡುಗ ಹೊಡೆದ ಚೆಂಡು ಬೇಲಿಗೇ ಬಡಿಯಿತು! ನನ್ನ ಮಗ ತಾನೇ ಹೊಡೆದ ಹಾಗೆ ಕುಣಿದ.

“ಏಯ್, ಔಟಾಗಿ ಕುಣಿಯೋನೇ! ಬುಧವಾರದಿಂದ ಅಭ್ಯಾಸಕ್ಕೆ ಬಂದ್ಬಿಡು!” ಎಂದು ಕೂಗಿದ ಹಸಿರು ಟೋಪಿಯವರ ಕೋಚ್.

ಕಾರಿನಲ್ಲಿ ಕೇಳಿದೆ, “ಏನೋ ಹೇಳ್ದೆ ಅವನಿಗೆ?”

“ಮೂರನೇ ಚೆಂಡು ನಿಧಾನಕ್ಕೆ ಬರುತ್ತೆ, ಕಾಯಿ ಅಂದೆ.”

“ಕೆಂಪು ಟೋಪಿಯವ್ರೂ ಹಿಂಗೇ ಹೇಳ್ಕೊಡ್ತಾರಾ?”

“ಅಲ್ಲಿ ಕೇಳಿದ್ರೂ ಯಾರೂ ಬಾಯಿ ಬಿಡಲ್ಲಮ್ಮಾ. ‘ಅವನು ಹೊಡೆದ್ರೆ ನನ್ನ ಜಾಗ ಹೋಗುತ್ತಲ್ಲ’ ಅಂತ ಒಬ್ಬೊಬ್ಬನಿಗೂ ಭಯ!”

ಡ್ವೈಟ್ ಕನ್ನಡಿಯಲ್ಲಿ ಮಗನ ಮುಖ ನೋಡಿ ಕಾರಿನ ವೇಗ ತಗ್ಗಿಸಿದ.

ಇದನ್ನು ಬರೆಯುತ್ತಿರುವಾಗ ಹೊರಗೆ ಕರಕರ ಸದ್ದು. ಕಿಟಕಿಯಲ್ಲಿ ಇಣುಕಿದರೆ ಕಾರಿನ ಹಿಂದೆ ಡ್ವೈಟ್, ಕೈಯಲ್ಲಿ ನನ್ನ ಬೆಣ್ಣೆ ಸವರುವ ಚಾಕು. ಪಕ್ಕದಲ್ಲಿ ಟಾರ್ಚು ಹಿಡಿದ ಗ್ರೇಡಿ ಬಿದ್ದು ಬಿದ್ದು ನಗುತ್ತಿದ್ದಾನೆ.

“ಲೇ, ಒಂಚೂರು ಬಿಸಿನೀರು ತಾರೇ! ಈ ದರಿದ್ರ ಸ್ಟಿಕ್ಕರ್ ಬಿಡ್ತಾನೇ ಇಲ್ಲ!”

ನೀರು ಕಾಯಿಸಬೇಕು, ಉಳಿದದ್ದು ನಾಳೆ.