ಊರ ಸುದ್ದಿಯ ಹಾಳೆ

ಗಜೇಂದ್ರಗಡ
೧೮ ನವೆಂಬರ್ ೨೦೦೭, ರವಿವಾರ

ನರಗುಂದದ ದುರಗಪ್ಪಣ್ಣನಿಗೆ ಅಸೂಟಿಯ ಅಡಿವೆವ್ವ ಮಾಡುವ ನಮಸ್ಕಾರಗಳು.

ಯಾವ ಅಡಿವೆವ್ವ ಎಂದು ತಕ್ಷಣ ಹೊಳೆಯದಿದ್ದರೆ ತಪ್ಪಿಲ್ಲ. ನೀವು ನನ್ನನ್ನು ಕಡೆಯ ಸಲ ನೋಡಿದಾಗ ನನಗೆ ಹದಿನಾರು ವರ್ಷ. ಅಸೂಟಿಯ ನಿಮ್ಮ ಮನೆಯ ಎದುರು ಮನೆಯವಳು. ನೀವು ಮಿಲಿಟರಿಯಲ್ಲಿದ್ದಾಗ ನಿಮ್ಮ ಅವ್ವ ಶೇಖವ್ವ ಹೇಳಿದ್ದನ್ನು ಕಾಗದಕ್ಕಿಳಿಸಿ ನಿಮಗೆ ಕಳಿಸುತ್ತಿದ್ದವಳು ನಾನೇ. ಮುಂದೆ ಇಲ್ಲಿ ಗಜೇಂದ್ರಗಡದಲ್ಲಿ ಶಿಕ್ಷಕಿಯಾಗಿ, ಈ ವರ್ಷ ಮೇ ತಿಂಗಳಲ್ಲಿ ನಿವೃತ್ತಳಾಗಿದ್ದೇನೆ.

೧೯೬೫ರಲ್ಲಿ ನಮ್ಮ ಓಣಿಯ ಐದು ಮನೆಗಳಿಂದ ಸೈನ್ಯಕ್ಕೆ ಹೋದವರಿದ್ದರು. ಐದೂ ಮನೆಗಳ ಪತ್ರ ನಾನೇ ಬರೆಯುತ್ತಿದ್ದೆ, ಬಂದದ್ದನ್ನು ನಾನೇ ಓದಿ ಹೇಳುತ್ತಿದ್ದೆ. ಪಂಚಾಯತಿಯ ರೇಡಿಯೊ ಕೇಳಿ, ಪತ್ರಿಕೆಯಲ್ಲಿ ಬಂದ ನಕಾಶೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದೆ. ಅಪ್ಪ ಊಟಕ್ಕೆ ಕರೆಯುವಾಗ “ಕರ್ನಲ್ ಅಡಿವೆವ್ವ, ಲಡಾಯಿ ಬಿಟ್ಟು ರೊಟ್ಟಿ ತಿನ್ನಾಕ ಬಾರವಾ” ಎನ್ನುತ್ತಿದ್ದ. ಅಷ್ಟು ಹುಚ್ಚಿದ್ದವಳು ೧೯೬೬ರ ಜನವರಿಯ ನಂತರ ಯಾವ ಸೈನಿಕನಿಗೂ ಒಂದು ಸಾಲು ಬರೆಯಲಿಲ್ಲ. ಎಪ್ಪತ್ತೊಂದರ ಯುದ್ಧ ಬಂತು, ಕಾರ್ಗಿಲ್ ಬಂತು. ಪತ್ರಿಕೆ ಓದಿ ಮಡಚಿಟ್ಟೆ.

ಮತ್ತೆ ಪೆನ್ನು ಹಿಡಿದದ್ದು ಈ ಜುಲೈನಲ್ಲಿ. ನನ್ನ ಶಿಷ್ಯ ಇಲಿಯಾಸ ರಾಜಸ್ಥಾನದ ಗಡಿಯಲ್ಲಿದ್ದಾನೆ. ಇಲ್ಲಿ ಗಾದಿ ಹೊಲಿಯುವ ಕಾಶೀಂಸಾಬರ ಮಗ. ರಜೆಗೆ ಬಂದವನು, “ಅಕ್ಕೋರ, ದಿಲ್ಲಿ ಸುದ್ದಿ ಅಲ್ಲಿ ಬೇಕಾದಷ್ಟು ಸಿಗತೈತ್ರಿ. ಗಜೇಂದ್ರಗಡದಾಗ ಮಳಿ ಆತೋ ಇಲ್ಲೋ ಹೇಳಾವ್ರು ಯಾರೂ ಇಲ್ಲ” ಎಂದ. ಅವನು ಹೋದ ಮೇಲೆ ಒಂದು ಹಾಳೆಯ ಎರಡೂ ಬದಿಗೆ ಊರ ಸುದ್ದಿ ಬರೆದು ಝೆರಾಕ್ಸ್ ಮಾಡಿಸಿ ಕಳಿಸಿದೆ. ಈಗ ರೋಣ, ನರಗುಂದ, ಗಜೇಂದ್ರಗಡದ ಕಡೆಯ ಹನ್ನೊಂದು ಹುಡುಗರಿಗೆ ಪ್ರತಿ ತಿಂಗಳು ಹೋಗುತ್ತದೆ. ಎಷ್ಟು ಮಿಲಿಮೀಟರ್ ಮಳೆ, ಯಾವ ಬಸ್ಸಿನ ವೇಳೆ ಬದಲಾಯಿತು, ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರು. ಲಕ್ಕಲಕಟ್ಟಿಯ ಹುಡುಗನೊಬ್ಬ ಸಿಟ್ಟಿನಿಂದ ಬರೆದಿದ್ದ: “ಕಬಡ್ಡಿಯಾಗ ರಾಜೂರ ಊರಾವ್ರಿಗೆ ನಮ್ಮೂರ ಸೋತಿದ್ದು ಬರಿಯೋದಿತ್ತೇನ್ರಿ ಅಕ್ಕೋರ? ರಾಜೂರಾವ ಇಲ್ಲೇ ಬಾಜೂಕ ಮಲಗ್ತಾನ, ದಿನಾ ಚ್ಯಾಷ್ಟಿ ಮಾಡ್ತಾನ.” ಸೋತದ್ದು ನಿಜವಾದ್ದರಿಂದ ತಿದ್ದುಪಡಿ ಹಾಕಲಿಲ್ಲ. ಕಣ್ಣಾರೆ ಕಂಡದ್ದನ್ನೇ ಬರೆಯುತ್ತೇನೆ ಎಂದು ಮೊದಲ ಹಾಳೆಯಲ್ಲೇ ಅವರಿಗೆ ಮಾತು ಕೊಟ್ಟಿದ್ದೆ.

ಸೆಪ್ಟೆಂಬರಿನಲ್ಲಿ ಕಾಶೀಂಸಾಬರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಅವರ ಹೆಂಡತಿ ಖತೀಜಾಬಿ ಬಂದು ನನ್ನ ಕೈ ಹಿಡಿದು, “ಹಾಳಿಯಾಗ ಇದನ್ನ ಹಾಕಬ್ಯಾಡ್ರಿ ಅಕ್ಕೋರ. ಅವ ಅಲ್ಲಿ ಬಂದೂಕ ಹಿಡಕೊಂಡ ನಿಂತಿರ್ತಾನ, ಮನಸ್ಸ ಇಲ್ಲಿ ಬಂದ್ರ ಹ್ಯಾಂಗ?” ಎಂದಳು. ಒಪ್ಪಿಬಿಟ್ಟೆ. ಅಕ್ಟೋಬರಿನ ಹಾಳೆಯಲ್ಲಿ ಆ ಸುದ್ದಿ ಇರಲಿಲ್ಲ.

ಈ ತಿಂಗಳ ಮೊದಲ ವಾರ ಇಲಿಯಾಸನ ಪತ್ರ ಬಂತು. “ಫೋನ್ ಮಾಡಿದಾಗೊಮ್ಮೆ ಅಬ್ಬಾ ನಮಾಜಿಗೆ ಹೋಗ್ಯಾರ ಅಂತಾರ, ಪ್ಯಾಟಿಗೆ ಹೋಗ್ಯಾರ ಅಂತಾರ. ರಂಜಾನ್ ಹಬ್ಬದ ದಿನಾನೂ ಸಿಗಲಿಲ್ಲ. ನೀವು ಸುಳ್ಳ ಬರಿಯಂಗಿಲ್ಲ ಅಕ್ಕೋರ. ಅಬ್ಬಾ ಅದಾರೋ ಇಲ್ಲೋ, ಅಷ್ಟ ಬರೀರಿ.”

ಅದನ್ನು ಓದಿದಾಗ ನನ್ನ ಕಣ್ಣೆದುರು ಬಂದವರು ನೀವು.

ಪತ್ರ ಹಿಡಿದು ಅವರ ಮನೆಗೆ ಹೋದೆ. ಖತೀಜಾಬಿ ಅಳತೊಡಗಿದಳು. ಅಲ್ಲಿಯವರೆಗೆ ಕಾಶೀಂಸಾಬರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ನಾನು ಅವರ ಹಾಸಿಗೆಯ ಹತ್ತಿರ ಕೂತು ಇಲಿಯಾಸನ ಪತ್ರ ಓದಿದೆ. ಆಮೇಲೆ ಈ ತಿಂಗಳ ಹಾಳೆಗೆಂದು ನಾನು ಬರೆದ ಸುದ್ದಿಯನ್ನೂ ಓದಿದೆ: “ಕಾಶೀಂಸಾಬರು ಲಕ್ವಾದಿಂದ ಹಾಸಿಗೆ ಹಿಡಿದಿದ್ದಾರೆ.” ಅವರ ಮಾತು ಇನ್ನೂ ತೊದಲುತ್ತದೆ, ಆದರೆ ತಿಳಿಯುತ್ತದೆ. “ತಪ್ಪ ಐತ್ರಿ ಅದು. ಹಾಸಿಗಿ ಎಲ್ಲಿ ಹಿಡದೇನಿ? ಕೋಲ ಹಿಡಕೊಂಡು ಕಟ್ಟಿ ತನಕ ಹೋಗ್ತೇನಿ. ಎಡಗೈಲೇ ಚಾ ಕುಡೀತೇನಿ, ಅದನ್ನೂ ಬರೀರಿ” ಎಂದರು. ಕಟ್ಟೆಯವರೆಗೆ ನಡೆದು ತೋರಿಸಿದರು. ಕಣ್ಣಾರೆ ನೋಡಿ, ತಿದ್ದಿ, ಅಂಚೆಗೆ ಹಾಕಿದೆ.

ಮೊನ್ನೆ ಶುಕ್ರವಾರ ಫೋನ್ ಬಂದಾಗ ಕಾಶೀಂಸಾಬರೇ ಎಡಗೈಯಲ್ಲಿ ಹಿಡಿದು ಮಾತಾಡಿದರು. ಅವ್ವನಿಗೆ ಇಲಿಯಾಸ ಬೈದನಂತೆ, ಆಮೇಲೆ ನಕ್ಕನಂತೆ. ಡಿಸೆಂಬರಿನಲ್ಲಿ ಇಪ್ಪತ್ತು ದಿನ ರಜೆ ಸಿಕ್ಕಿದೆ.

ಈಗ ನಿಮ್ಮ ವಿಷಯ. ಇಷ್ಟುದ್ದ ಬರೆದದ್ದು ಇದನ್ನು ಹೇಳಲು ಧೈರ್ಯ ಸಾಲದೆ.

ನಿಮ್ಮ ಅವ್ವ ತೀರಿಕೊಂಡದ್ದು ೧೯೬೫ರ ಸೆಪ್ಟೆಂಬರ್ ಹನ್ನೆರಡಕ್ಕೆ. ನೀವು ಬಂದದ್ದು ಜನವರಿಯಲ್ಲಿ, ಅವ್ವನಿಗೆಂದು ಕಂದು ಬಣ್ಣದ ಉಣ್ಣೆಯ ಶಾಲು ತಗೊಂಡು. ಅಂಗಳದಲ್ಲಿ ನಿಂತು ನಾಲ್ಕು ಕಾಗದ ಹಿಡಿದು ನಿಮ್ಮಣ್ಣ ತೋಟಪ್ಪನಿಗೆ, “ಸತ್ತಾಕಿ ನಾಕ ಕಾಗದ ಹ್ಯಾಂಗ ಬರದಳೋ?” ಎಂದು ಕೇಳಿದಿರಿ. ತೋಟಪ್ಪಣ್ಣ ನಮ್ಮ ಬಾಗಿಲ ಕಡೆ ಒಮ್ಮೆ ನೋಡಿ, “ನಾನ ಬರಸೇನಿ” ಎಂದ. ನೀವು ಅದೇ ಸಂಜೆಯ ಬಸ್ಸಿಗೆ ಹೋದಿರಿ. ಆಮೇಲೆ ನರಗುಂದದಲ್ಲಿ ಮನೆ ಮಾಡಿದಿರಿ, ಅಣ್ಣನ ಮುಖ ನೋಡಲಿಲ್ಲ.

ಅವನು ಬರೆಸಿದ್ದು ಒಂದೇ. “ಗುಂಡ ಹಾರಾಕತ್ತಾವ, ಈಗ ಬ್ಯಾಡ. ಆರಾಮ ಅದಾಳ ಅಂತ ಬರಿ. ಲಡಾಯಿ ನಿಂತ ಮ್ಯಾಲ ಖರೇದ ತಿಳಸೂಣು” ಎಂದಿದ್ದ. ಯುದ್ಧ ನಿಂತ ವಾರವೇ ಬಂದು, “ಈಗ ಬರಿಯವಾ” ಎಂದ. ನಾನು ಹೂಂ ಎಂದು ಅವ್ವನ ಹೆಸರಿನಲ್ಲಿ ಮತ್ತೆ ಆರಾಮ ಎಂದೇ ಬರೆದೆ. ಇನ್ನೂ ಎರಡು ಸಲ ಹಾಗೆಯೇ ಮಾಡಿದೆ. ಅವನಿಗೆ ಓದಲು ಬಾರದು. ನಿಮ್ಮ ಉತ್ತರ ಬಂದಾಗ “ದುರಗಪ್ಪ ಅತ್ತಾನಂತ, ರಜಾ ಸಿಗಂಗಿಲ್ಲಂತ” ಎಂದು ಸುಳ್ಳು ಓದಿ ಹೇಳಿದೆ. ಕೈ ಬರಲಿಲ್ಲ ಎನ್ನುವುದು ಅರ್ಧ ನಿಜ. ಇನ್ನರ್ಧ ಇದು: “ಅವ್ವಾ” ಎಂದು ಶುರುವಾಗುವ ನಿಮ್ಮ ಉತ್ತರಗಳನ್ನು ತೆರೆದು ಓದುವವಳು ನಾನಾಗಿದ್ದೆ. ಅವು ನಿಂತುಹೋಗಬಾರದೆಂಬ ಆಸೆಬುರುಕತನದಿಂದ ಮಾಡಿದೆ. ನೀವು ಬಂದ ದಿನ ಬಾಗಿಲ ಹಿಂದೆಯೇ ಇದ್ದೆ, ಹೊರಗೆ ಬರಲಿಲ್ಲ. ಹದಿನಾರರ ಹುಡುಗಿಯ ಹೆಸರು ಹೊರಬೀಳಬಾರದೆಂದು ತೋಟಪ್ಪಣ್ಣ ನಲವತ್ತೊಂದು ವರ್ಷ ಬಾಯಿ ಬಿಟ್ಟಿಲ್ಲ.

ಮೊನ್ನೆ ಅಸೂಟಿಗೆ ಹೋಗಿ, ನಿಮಗೆ ಎಲ್ಲ ಬರೆಯುತ್ತೇನೆ ಎಂದೆ. “ಈಗ್ಯಾಕವಾ, ಆತಲ್ಲ” ಎಂದ. ಆಮೇಲೆ ನಿಮ್ಮ ವಿಳಾಸ ತಾನೇ ಹೇಳಿದ, ತಡವರಿಸದೆ. ಮನೆಯ ಮುಂದೆ ಬೇವಿನ ಗಿಡ ಇದೆ ಎಂದೂ ಸೇರಿಸಿದ. ನರಗುಂದಕ್ಕೆ ಎಂದೂ ಹೋಗಿಲ್ಲ ಎನ್ನುವ ಮನುಷ್ಯನಿಗೆ ಬೇವಿನ ಗಿಡ ಹೇಗೆ ಗೊತ್ತು, ನೀವೇ ಬಂದು ಕೇಳಿರಿ.

ನನ್ನನ್ನು ಬೈಯಿರಿ, ಕ್ಷಮಿಸದೆಯೂ ಇರಿ. ಅವನದು ತಪ್ಪಿಲ್ಲ. ಡಿಸೆಂಬರಿನ ಹಾಳೆಯಲ್ಲಿ ಅಸೂಟಿಯ ಸುದ್ದಿಗೆಂದು ಎರಡು ಸಾಲಿನ ಜಾಗ ಬಿಟ್ಟಿದ್ದೇನೆ. ಕಣ್ಣಾರೆ ಕಂಡರೆ ಮಾತ್ರ ತುಂಬುತ್ತೇನೆ.

ನಿಮ್ಮ ಎದುರು ಮನೆಯ,
ಅಡಿವೆವ್ವ

ತಾ.ಕ.: ಇದರ ಜೊತೆಗಿರುವ ಹಳೆಯ ಇನ್‌ಲ್ಯಾಂಡ್ ನಿಮ್ಮದು. ತೀರಿಕೊಳ್ಳುವ ಮುಂಚಿನ ದಿನ ಅವ್ವ ಹೇಳಿ ಬರೆಸಿದ್ದು. ಜ್ವರದ ಮಾತಿದೆಯೆಂದು ಆಗ ಅಂಚೆಗೆ ಹಾಕಲಿಲ್ಲ, ಹರಿಯಲೂ ಮನಸ್ಸಾಗಲಿಲ್ಲ. ಮಸಿ ಮಾಸಿದೆ, ಓದಲಾಗದಿದ್ದರೆ ಇಷ್ಟಿದೆ: “ಎಂಟ ದಿನದಿಂದ ಜ್ವರ ಐತಿ, ಹೆದರಬ್ಯಾಡ. ಆಕಳ ಈದೈತಿ. ನೀ ಇಲ್ಲ ಅಂತ ನಿನ್ನ ಪಾಲಿನ ಗಿಣ್ಣ ರೋಣದ ಬಸ್ಸಿನ ಡ್ರೈವರಗ ಕೊಟ್ಟೇನಿ. ನಿನ್ನ ಕರಕೊಂಡ ಬರಾವ ಅವನ ಅಲ್ಲೇನು? ಬಂದ ಕೂಡಲೇ ಅಣ್ಣನ ಕೂಡ ಕುಂತ ಉಣ್ಣು.”